ಎರರ್ ಬಂದರೆ ಬರಲಿ ಬಿಡಿ

ವೆಬ್ ಲ್ಯಾಬ್‌ನಲ್ಲಿ ಪ್ರೋಗ್ರಾಂ ರನ್ ಆಗಿ ಔಟ್‌ಪುಟ್ ಬಂದರೆ ಸಾಕು, ರೆಕಾರ್ಡ್‌ಗೆ ಸಹಿ ಬೀಳುತ್ತದೆ. ಆದರೆ ರನ್ ಆದದ್ದೆಲ್ಲ ಸರಿ ಎಂದಲ್ಲ.

ಫಲಿತಾಂಶ ತೋರಿಸಲು ನೋಡ್ ಜೆಎಸ್‌ನಲ್ಲಿ ಒಂದು ಪುಟ್ಟ ಸರ್ವರ್ ಪ್ರೋಗ್ರಾಂ ಬರೆದಿದ್ದೀರಿ ಎನ್ನಿ. ನೋಂದಣಿ ಸಂಖ್ಯೆ ಇಡುವ ವೇರಿಯಬಲ್ ಹಿಂದೆ ‘ಲೆಟ್’ ಅಥವಾ ‘ಕಾನ್ಸ್ಟ್’ ಬಿಟ್ಟುಹೋದರೂ ಸಾಮಾನ್ಯ ಫೈಲ್‌ನಲ್ಲಿ ಜಾವಾಸ್ಕ್ರಿಪ್ಟ್ ತಕರಾರು ಮಾಡುವುದಿಲ್ಲ; ಸದ್ದಿಲ್ಲದೆ ಅದನ್ನು ಗ್ಲೋಬಲ್ ಮಾಡಿಬಿಡುತ್ತದೆ. ಒಬ್ಬರೇ ಕೂತು ಪರೀಕ್ಷಿಸುವ ಲ್ಯಾಬ್‌ನಲ್ಲಿ ಈ ದೋಷ ಕಾಣುವುದೇ ಇಲ್ಲ. ಘೋಡಗೇರಿಯಿಂದ ಒಬ್ಬರು, ಗೋಕಾಕದಿಂದ ಇನ್ನೊಬ್ಬರು ಒಂದೇ ಹೊತ್ತಿಗೆ ಮೊಬೈಲ್‌ನಲ್ಲಿ ಫಲಿತಾಂಶ ತೆರೆದರೆ? ಡೇಟಾಬೇಸ್ ಉತ್ತರಕ್ಕೆ ಕಾಯುವಷ್ಟರಲ್ಲಿ ಮೊದಲನೆಯವರ ಸಂಖ್ಯೆ ಅಳಿಸಿ ಎರಡನೆಯವರದು ಕೂರುತ್ತದೆ. ಒಬ್ಬರ ಅಂಕ ಮತ್ತೊಬ್ಬರ ಸಂಖ್ಯೆಯ ಮುಂದೆ ಕಾಣಬಹುದು.

ಇದಕ್ಕೆ ಮದ್ದು 2009ರ ಇಎಸ್5 ಆವೃತ್ತಿಯಲ್ಲೇ ಬಂದಿದೆ. ಫೈಲಿನ ಮೊದಲ ಸಾಲಿನಲ್ಲಿ, ಉದ್ಧರಣ ಚಿಹ್ನೆಯೊಳಗೆ, ‘ಯೂಸ್ ಸ್ಟ್ರಿಕ್ಟ್’ ಎಂದು ಹಾಕಿದರೆ ಆ ಸಾಲಿಗೆ ಬಂದ ಕೂಡಲೇ ‘ರೆಫರೆನ್ಸ್ ಎರರ್’ ಬರುತ್ತದೆ; ಯಾವ ವೇರಿಯಬಲ್, ಎಷ್ಟನೇ ಸಾಲು ಎಂಬುದೂ ತಿಳಿಯುತ್ತದೆ.

ಮೊದಲ ಲ್ಯಾಬ್‌ನಿಂದಲೇ ಈ ಸಾಲು ಕಡ್ಡಾಯವಾಗಲಿ. ಕೆಂಪು ಅಕ್ಷರ ಕಂಡೊಡನೆ ಗೆಳೆಯರ ಕೋಡ್ ಅಂಟಿಸುವ ಬದಲು ಅದನ್ನು ಓದಿ ತಿದ್ದಿದವರಿಗೆ ಅಂಕ ಸಿಗಲಿ. ಲ್ಯಾಬ್‌ನಲ್ಲಿ ಬಂದ ಎರರ್ ನಮ್ಮ ಅರ್ಧ ಗಂಟೆ ತಿನ್ನಬಹುದು. ಸರ್ವರ್‌ನಲ್ಲಿ ಅಡಗಿ ಕೂತದ್ದು ಇನ್ಯಾರದೋ ಮಾಹಿತಿಯನ್ನು ಬಯಲು ಮಾಡುತ್ತದೆ.