ಲಿಂಕ್ ಇದೆಯಲ್ಲ, ಸಾಕು ಅನ್ನೋರಿಗೆ

ಕಳೆದ ವರ್ಷ ಒಂದು ಶುಕ್ರವಾರ ಸಂಜೆ. ಕೆಲಸ ಒಂದೇ ಸಾಲಿನದು. ಮೂರು ವರ್ಷದಿಂದ ಯಾರೂ ಮುಟ್ಟದ ಸರ್ವೀಸ್ ಒಂದರಲ್ಲಿ ಭದ್ರತೆಯ ಸಣ್ಣ ತಿದ್ದುಪಡಿ. ಬದಲಿಸು, ಬಿಲ್ಡ್ ಮಾಡು, ಮನೆಗೆ ಹೋಗು. ಬಿಲ್ಡ್ ನಾಲ್ಕನೇ ನಿಮಿಷಕ್ಕೆ ನಿಂತಿತು. 404. ಡಾಕರ್‌ಫೈಲ್‌ನಲ್ಲಿ ಡೆಬಿಯನ್ ಭಂಡಾರದ ಒಂದು ಪ್ಯಾಕೇಜಿಗೆ ನೇರ ಲಿಂಕ್ ಇತ್ತು; ಆ ಫೈಲ್ ಈಗ ಅಲ್ಲಿಲ್ಲ. ಟೀಮಿಗೆ ಹೊಸದಾಗಿ ಬಂದ ಹುಡುಗಿ ಕೇಳಿದಳು: "ಲಿಂಕ್ ಸರಿಯಾಗೇ ಇದೆಯಲ್ಲ, ಫೈಲ್ ಎಲ್ಲಿ ಹೋಯ್ತು?" ಈ ಸಾಲು ಬರೆದ ಪುಣ್ಯಾತ್ಮ ಯಾರು ಅಂತ ಗಿಟ್ ಬ್ಲೇಮ್ ಹೊಡೆದೆ. ನನ್ನದೇ ಹೆಸರು.

ಆದ್ದರಿಂದ ಇದು ಬೇರೆಯವರಿಗೆ ಹೇಳೋ ಬುದ್ಧಿಮಾತು ಮಾತ್ರ ಅಲ್ಲ. ಆದರೂ ಹೇಳ್ತೀನಿ: ನಾವು ಸಾಫ್ಟ್‌ವೇರ್ ಬರೆಯೋ ಜನ ಹೆಸರಿಗೂ ವಿಳಾಸಕ್ಕೂ ಇರುವ ವ್ಯತ್ಯಾಸವನ್ನೇ ಮರೆತಿದ್ದೀವಿ. ಹೆಸರು ಬರೆಯಬೇಕಾದ ಕಡೆಯಲ್ಲೆಲ್ಲ ವಿಳಾಸ ಬರೆದು, ಮೂರು ವರ್ಷ ಆದಮೇಲೆ ತಲೆ ಚಚ್ಚಿಕೊಳ್ತೀವಿ.

ನಮ್ಮ ಕಡೆ ಮನೆ ದಾರಿ ಹೇಗೆ ಹೇಳ್ತೀವಿ? ಪೆಟ್ರೋಲ್ ಬಂಕ್ ದಾಟಿ, ಹಳೇ ಥಿಯೇಟರ್ ಎದುರು ಎಡಕ್ಕೆ ತಿರುಗಿ ಅಂತ. ಥಿಯೇಟರ್ ಒಡೆದು ಮಾಲ್ ಕಟ್ಟಿದ ದಿನ ಆ ವಿಳಾಸದ ಕಥೆ ಮುಗೀತು. ಪಹಣಿಯಲ್ಲಿರುವ ಸರ್ವೆ ನಂಬರ್ ಹಾಗಲ್ಲ. ಮಾಲೀಕ ಬದಲಾದರೂ, ಬೇಲಿ ಬಿದ್ದುಹೋದರೂ ಅದು ಆ ನೆಲಕ್ಕೇ ಅಂಟಿಕೊಂಡಿರುತ್ತೆ. ಯುಆರ್‌ಎಲ್ ಅನ್ನೋದು ಥಿಯೇಟರ್ ಎದುರಿನ ದಾರಿ. ನಮಗೆ ಬೇಕಿರೋದು ಸರ್ವೆ ನಂಬರ್.

ನಾನು ಬರೆದಿದ್ದ ಲಿಂಕ್ ಎಂಥದ್ದು ಅಂತ ಬಿಡಿಸಿ ನೋಡೋಣ. ಡೆಬಿಯನ್‌ನಲ್ಲಿ ಗಿಟ್ ಪ್ಯಾಕೇಜಿನ ದಾರಿ ಹೀಗಿರುತ್ತೆ: ಪೂಲ್, ಅದರೊಳಗೆ ಮೇನ್, ಅದರೊಳಗೆ ಜಿ ಅಕ್ಷರದ ಫೋಲ್ಡರ್, ಅದರೊಳಗೆ ಗಿಟ್, ಕೊನೆಗೆ ಫೈಲ್. ಜಿ ಅಕ್ಷರ ಇರೋದು ಒಂದೇ ಫೋಲ್ಡರಿನಲ್ಲಿ ಸಾವಿರಾರು ಹೆಸರು ಗುಡ್ಡೆ ಬೀಳದಿರಲಿ ಅಂತ. ಅದು ಅವರ ಅಟ್ಟದ ವ್ಯವಸ್ಥೆ, ನನಗೆ ಸಂಬಂಧವೇ ಇಲ್ಲ. ಮೇನ್ ಅನ್ನೋದು ಪರವಾನಗಿಯ ವಿಂಗಡಣೆ. ಅದೂ ಶಾಶ್ವತ ಅಲ್ಲ: 2023ರಲ್ಲಿ ಡೆಬಿಯನ್ 12 ಬಂದಾಗ ಫರ್ಮ್‌ವೇರ್ ಪ್ಯಾಕೇಜುಗಳಿಗಾಗಿಯೇ ಹೊಸ ವಿಭಾಗ ಮಾಡಿದರು, ದಾರಿ ಬದಲಾಯಿತು. ಇನ್ನು ಫೈಲ್ ಹೆಸರಾದರೂ ನೆಟ್ಟಗಿದೆಯಾ ಅಂದರೆ, ಅದೂ ಇಲ್ಲ. ಡೆಬಿಯನ್ 11 ಬಂದಾಗ ಅದರಲ್ಲಿದ್ದ ಗಿಟ್ ಪ್ಯಾಕೇಜಿನ ಆವೃತ್ತಿ 1:2.30.2-1. ಫೈಲ್ ಹೆಸರಿನಲ್ಲಿ ಬರೀ 2.30.2-1. ಮುಂದಿನ ಆ ಒಂದು ಮತ್ತು ಕೋಲನ್‌ಗೆ ಎಪಾಕ್ ಅಂತಾರೆ; ಆವೃತ್ತಿಗಳ ಎಣಿಕೆಯ ಕ್ರಮವೇ ಬದಲಾದಾಗ ಹೊಸದು ಯಾವುದು, ಹಳೇದು ಯಾವುದು ಅಂತ ತೀರ್ಮಾನ ಮಾಡೋದು ಅದೇ. ಫೈಲ್ ಹೆಸರಿನಲ್ಲಿ ಅದನ್ನು ಬಿಟ್ಟುಬಿಡ್ತಾರೆ. ಅಂದರೆ ಲಿಂಕ್‌ನಲ್ಲಿ ನನಗೆ ಬೇಡದ್ದು ಎರಡು ಇದ್ದವು, ಬೇಕಾದ್ದು ಒಂದು ಇರಲಿಲ್ಲ.

ಡೆಬಿಯನ್‌ನವರ ತಪ್ಪಾ? ಖಂಡಿತ ಅಲ್ಲ. ಯಾವುದಾದರೂ ಬಿಡುಗಡೆಗೆ ಇನ್ನೂ ಬೇಕಿರುವ ಆವೃತ್ತಿಗಳು ಮಾತ್ರ ಪೂಲ್‌ನಲ್ಲಿ ಉಳಿಯುತ್ತವೆ. ಹೊಸದು ಬಂದು ಹಳೇದು ಯಾರಿಗೂ ಬೇಡವಾದಾಗ ಅದು ಹೋಗುತ್ತೆ. ಹಳೆಯದಕ್ಕೆ ಅಂತಲೇ ಸ್ನ್ಯಾಪ್‌ಶಾಟ್ ಅನ್ನೋ ಬೇರೆ ಸಂಗ್ರಹ ಇಟ್ಟಿದ್ದಾರೆ. ಪೂಲ್‌ನ ದಾರಿ ಶಾಶ್ವತ ಅಂತ ಅವರು ಯಾವತ್ತೂ ಮಾತು ಕೊಟ್ಟಿರಲಿಲ್ಲ. ಕೊಡದ ಮಾತನ್ನು ನಂಬಿ ಕೂತವನು ನಾನು.

ಇದು ಡೆಬಿಯನ್ ಒಂದರ ಕಥೆಯೂ ಅಲ್ಲ. ಆರ್ ಭಾಷೆಯ ಕ್ರಾನ್ ಭಂಡಾರ ನೋಡಿ. ಪ್ಯಾಕೇಜಿನ ಈಗಿನ ಆವೃತ್ತಿ ಒಂದು ಫೋಲ್ಡರಿನಲ್ಲಿರುತ್ತೆ. ಹೊಸ ಆವೃತ್ತಿ ಬಂದ ಕೂಡಲೇ ಹಳೆಯದು ಆರ್ಕೈವ್ ಫೋಲ್ಡರಿಗೆ ಹೋಗುತ್ತೆ. ಫೈಲ್‌ನ ಒಂದು ಬೈಟ್ ಕೂಡ ಬದಲಾಗಿಲ್ಲ, ಆದರೆ ನಿಮ್ಮ ಲಿಂಕ್ ಸತ್ತಿದೆ. ಇದು ಕ್ರಾನ್‌ನವರಿಗೂ ಗೊತ್ತು. ಅದಕ್ಕೇ ಪ್ಯಾಕೇಜಿನ ಪುಟಕ್ಕೆ ಲಿಂಕ್ ಕೊಡೋರಿಗೆ, ಫೋಲ್ಡರಿನ ದಾರಿ ಬೇಡ, ಹೆಸರು ಮಾತ್ರ ಇರುವ ಚಿಕ್ಕ ರೂಪವನ್ನೇ ಬಳಸಿ ಅಂತ ಹೇಳ್ತಾರೆ. ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಇದನ್ನು ಬರೆದಿಟ್ಟಿದ್ದಾರೆ: ಫೈಲ್ ವಿಸ್ತರಣೆ, ಸ್ಥಿತಿಗತಿ, ಡಿಸ್ಕಿನ ಹೆಸರು, ಒಳಗಿನ ತಂತ್ರದ ಗುರುತು, ಇವನ್ನೆಲ್ಲ ಯುಆರ್‌ಐನಿಂದ ಹೊರಗಿಡಿ, ಯಾಕಂದ್ರೆ ಮೊದಲು ಬದಲಾಗೋದು ಅವೇ. ನಾವು ಓದಲಿಲ್ಲ.

ಹಾಗಾದರೆ ಹೆಸರು ಹೇಗಿರಬೇಕು? 2017ರಲ್ಲಿ ಶುರುವಾದ ಪ್ಯಾಕೇಜ್ ಯುಆರ್‌ಎಲ್, ಚಿಕ್ಕದಾಗಿ ಪರ್ಲ್, ಒಂದು ಒಳ್ಳೆಯ ಉತ್ತರ. (ಹೆಸರಲ್ಲಿ ಯುಆರ್‌ಎಲ್ ಅಂತಿದ್ದರೂ ಅದು ವಿಳಾಸ ಅಲ್ಲ ಅನ್ನೋದು ತಮಾಷೆ. ಹಳೇ ಪರ್ಲ್ ಭಾಷೆಗೂ ಇದಕ್ಕೂ ಸಂಬಂಧ ಇಲ್ಲ.) ಮೇಲಿನ ಗಿಟ್ ಇದರಲ್ಲಿ ಹೀಗಾಗುತ್ತೆ: ಪಿಕೆಜಿ:ಡೆಬ್/ಡೆಬಿಯನ್/ಗಿಟ್@1:2.30.2-1?ಆರ್ಚ್=ಎಎಮ್‌ಡಿ64. ಯಾವ ಬಗೆಯ ಪ್ಯಾಕೇಜ್, ಯಾರ ಮನೆಯದ್ದು, ಹೆಸರೇನು, ಪೂರ್ತಿ ಆವೃತ್ತಿ ಯಾವುದು, ಯಾವ ಪ್ರೊಸೆಸರಿಗೆ. ಸರ್ವರ್ ಹೆಸರಿಲ್ಲ, ಫೋಲ್ಡರ್ ಇಲ್ಲ. ಫೈಲ್ ಎಲ್ಲಿದೆ ಅಂತ ಹುಡುಕೋದು ಬೇರೆ ಕೆಲಸ, ಬೇರೆ ಪ್ರೋಗ್ರಾಂ ಮಾಡಲಿ. ಇನ್ನೊಂದು ಗುಣ: ಎರಡು ಹೆಸರು ಒಂದೇನಾ ಅಂತ ಹೇಳೋ ನಿಯಮವೂ ಇದೆ. ಪೈಥಾನ್ ಪ್ಯಾಕೇಜಾದರೆ ದೊಡ್ಡಕ್ಷರ ಸಣ್ಣಕ್ಷರ ಒಂದೇ, ಅಂಡರ್‌ಸ್ಕೋರ್ ಹೈಫನ್ ಆಗುತ್ತೆ. ಹೋಲಿಸೋಕೆ ಬಾರದ ಹೆಸರು ಇದ್ದೂ ಇಲ್ಲದ ಹಾಗೆ.

ಈಗ ಎದುರಾಳಿಗಳ ಕಡೆಗೆ ಬರ್ತೀನಿ.

ಒಂದನೇ ಗುಂಪು: "ಹ್ಯಾಶ್ ಇದ್ದರೆ ಸಾಕು, ಹೆಸರೆಲ್ಲ ಯಾಕೆ?" ಹ್ಯಾಶ್ ಸುಳ್ಳು ಹೇಳಲ್ಲ, ಒಪ್ತೀನಿ. ಆದರೆ 2021ರ ಡಿಸೆಂಬರ್ ನೆನಪಿದೆಯಾ? ಲಾಗ್4ಜೆಯ ತೂತು ಬಯಲಾದ ವಾರ. ಎಲ್ಲ ಮ್ಯಾನೇಜರುಗಳೂ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮಲ್ಲಿ ಇದು ಎಲ್ಲೆಲ್ಲಿದೆ? ಯಾವ ಆವೃತ್ತಿ?" ನಲವತ್ತು ಅಕ್ಷರದ ಹ್ಯಾಶ್‌ಗೆ ತನ್ನ ಅಣ್ಣ ತಮ್ಮಂದಿರು ಯಾರು ಅಂತ ಗೊತ್ತಿಲ್ಲ, ಯಾವುದು ಹಳೇದು, ಯಾವುದು ಹೊಸದು ಅದು ಹೇಳಲ್ಲ. ಜೊತೆಗೆ ಯಾವುದರ ಹ್ಯಾಶ್ ಅನ್ನೋದೂ ಮುಖ್ಯ. 2023ರ ಜನವರಿ ಕೊನೆಯಲ್ಲಿ ಗಿಟ್‌ಹಬ್, ಸೋರ್ಸ್ ಕೋಡಿನ ಟಾರ್ ಫೈಲ್‌ಗಳನ್ನು ಕುಗ್ಗಿಸುವ ವಿಧಾನ ಬದಲಿಸಿತು. ಒಳಗಿನ ಕೋಡ್ ಅದೇ, ಹೊರಗಿನ ಬೈಟ್‌ಗಳು ಬೇರೆ. ಎಷ್ಟೋ ಬಿಲ್ಡ್‌ಗಳು ಬಿದ್ದವು, ಗಿಟ್‌ಹಬ್ ಬದಲಾವಣೆಯನ್ನೇ ಹಿಂದಕ್ಕೆ ತಗೊಂಡಿತು.

ಎರಡನೇ ಗುಂಪು ಇದಕ್ಕೆ ಉಲ್ಟಾ: "ಹೆಸರು, ಆವೃತ್ತಿ ಇದ್ದರೆ ಸಾಕು." 2016ರ ಮಾರ್ಚ್‌ನಲ್ಲಿ ಎನ್‌ಪಿಎಂನಿಂದ ಲೆಫ್ಟ್-ಪ್ಯಾಡ್ ಅನ್ನೋ 11 ಸಾಲಿನ ಕೋಡನ್ನು ಬರೆದವನೇ ತೆಗೆದುಹಾಕಿದ, ಪ್ರಪಂಚದ ತುಂಬ ಬಿಲ್ಡ್‌ಗಳು ನಿಂತವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆಮೇಲೆ ಎನ್‌ಪಿಎಂ, ಪ್ರಕಟವಾದದ್ದನ್ನು ಬೇಕಾದ ಹಾಗೆ ತೆಗೆಯೋದಕ್ಕೆ ಕಡಿವಾಣ ಹಾಕಿತು. ಹೆಸರಿನ ಬೆಲೆ ಅದರ ಹಿಂದೆ ನಿಂತಿರುವ ಭಂಡಾರದ ಮಾತಿನಷ್ಟೇ. 2021ರಲ್ಲಿ ಅಲೆಕ್ಸ್ ಬಿರ್ಸಾನ್ ಇನ್ನೊಂದು ತೂತು ತೋರಿಸಿದ: ಕಂಪನಿಗಳ ಒಳಗೆ ಮಾತ್ರ ಬಳಸುವ ಪ್ಯಾಕೇಜುಗಳ ಹೆಸರಿನಲ್ಲೇ ಸಾರ್ವಜನಿಕ ಭಂಡಾರದಲ್ಲಿ ತನ್ನ ಕೋಡ್ ಹಾಕಿದ. ಆಪಲ್, ಮೈಕ್ರೋಸಾಫ್ಟ್ ಸೇರಿ 35ಕ್ಕೂ ಹೆಚ್ಚು ಕಂಪನಿಗಳ ಒಳಗೆ ಅದು ಓಡಿತು. ಹೆಸರು ಒಂದೇ, ಮನೆ ಬೇರೆ. ಯಾವ ಮನೆಯದು ಅಂತ ಯಾರೂ ಬರೆದಿರಲಿಲ್ಲ. ಪರ್ಲ್‌ನಲ್ಲಿ ಭಂಡಾರದ ಗುರುತಿಗೂ ಚೆಕ್‌ಸಮ್‌ಗೂ ಜಾಗ ಇದೆ, ಆದರೆ ಎರಡೂ ಐಚ್ಛಿಕ. ಐಚ್ಛಿಕ ಅಂದರೆ ನಮ್ಮ ಭಾಷೆಯಲ್ಲಿ ಯಾರೂ ತುಂಬಲ್ಲ ಅಂತ ಅರ್ಥ. ಅದಕ್ಕೇ ಹೇಳ್ತೀನಿ, ಸ್ಕೀಮ್ ಅದನ್ನು ಬಿಟ್ಟುಕೊಟ್ಟರೂ ನಿಮ್ಮ ಟೀಮ್ ಬಿಟ್ಟುಕೊಡಬಾರದು. ಹೆಸರು ಮನುಷ್ಯರಿಗೆ, ಹ್ಯಾಶ್ ಸಾಕ್ಷಿಗೆ. ಎರಡೂ ಬೇಕು.

ಮೂರನೇ ಗುಂಪು ಬಹಳ ಜಾಣರದ್ದು: "ಲಾಕ್‌ಫೈಲ್ ಇದೆಯಲ್ಲ ಗುರೂ, ಇದೆಲ್ಲ ಓವರ್ ಎಂಜಿನಿಯರಿಂಗ್." ಲಾಕ್‌ಫೈಲ್ ಒಳ್ಳೇದೇ, ಆದರೆ ಅದು ಒಂದು ಟೂಲ್‌ನ ಒಳಗಿನ ಲೆಕ್ಕದ ಪುಸ್ತಕ. ನನ್ನ ಡಾಕರ್‌ಫೈಲ್‌ನ ಆ ಸಾಲಿಗೆ ಲಾಕ್‌ಫೈಲ್ ಇರಲಿಲ್ಲ. ಭದ್ರತಾ ಎಚ್ಚರಿಕೆಗೆ, ಟಿಕೆಟ್‌ಗೆ, ರಾತ್ರಿ ಹನ್ನೊಂದಕ್ಕೆ ಬರೋ ಮೇಲ್‌ಗೆ ಲಾಕ್‌ಫೈಲ್ ಇರಲ್ಲ. ಎನ್‌ಪಿಎಂ, ಮೇವನ್, ಡೆಬಿಯನ್ ಮೂರನ್ನೂ ಒಂದೇ ಪಟ್ಟಿಯಲ್ಲಿ ಬರೆಯಬೇಕಾದಾಗ ಮೂರಕ್ಕೂ ಹೊಂದೋ ಒಂದು ಹೆಸರಿನ ಕ್ರಮ ಬೇಕೇ ಬೇಕು.

ಆ ಶುಕ್ರವಾರ ಕೊನೆಗೆ ಏನಾಯ್ತು ಅಂತ ಹೇಳಿಬಿಡ್ತೀನಿ. ಸ್ನ್ಯಾಪ್‌ಶಾಟ್‌ನಲ್ಲಿ ಹುಡುಕಿ ಅದೇ ಹೆಸರಿನ ಫೈಲ್ ತಂದ್ವಿ. ಬಿಲ್ಡ್ ಆಯ್ತು, ಟೆಸ್ಟ್ ಪಾಸ್ ಆಯ್ತು, ರಾತ್ರಿ ಹತ್ತೂವರೆ ಆಗಿತ್ತು. ಬಿಡುಗಡೆಯ ಫಾರ್ಮ್‌ನಲ್ಲಿ ಒಂದು ಪ್ರಶ್ನೆ ಇತ್ತು: ಇದು ಮೊದಲು ಪರೀಕ್ಷೆ ಮಾಡಿದ ಪ್ಯಾಕೇಜೇನಾ? ಮೂರು ವರ್ಷದ ಹಿಂದೆ ನಾನು ಹ್ಯಾಶ್ ಬರೆದಿಟ್ಟಿದ್ದರೆ ಹತ್ತು ಸೆಕೆಂಡಿನ ಕೆಲಸ. ಬರೆದಿರಲಿಲ್ಲ. ಆ ಹುಡುಗಿ ನನ್ನ ಮುಖ ನೋಡಿದಳು. ನಾನು "ಹೌದು" ಅನ್ನೋದಕ್ಕೆ ಟಿಕ್ ಹಾಕಿದೆ. ಗೊತ್ತಿದ್ದು ಹಾಕಿದ ಟಿಕ್ ಅಲ್ಲ ಅದು, ಮನೆಗೆ ಹೋಗಬೇಕಿತ್ತು.

ಸೋಮವಾರ ಆ ಸಾಲು ಅಳಿಸಿ ಹೊಸದಾಗಿ ಬರೆದೆ: ಬಗೆ, ಭಂಡಾರ, ಹೆಸರು, ಎಪಾಕ್ ಸಮೇತ ಆವೃತ್ತಿ, ಪ್ರೊಸೆಸರ್, ಹ್ಯಾಶ್. ತರೋ ಕೆಲಸಕ್ಕೆ ಬೇರೆ ಸ್ಕ್ರಿಪ್ಟ್. ರಿವ್ಯೂ ಮಾಡಿದವರು ಕಮೆಂಟ್ ಹಾಕಿದರು: "ಒಂದು ಪ್ಯಾಕೇಜಿಗೆ ಇಷ್ಟುದ್ದ ಯಾಕೆ? ಲಿಂಕ್ ಹಾಕಿದ್ರೆ ಸಾಕಿತ್ತಲ್ವಾ?"

ಅಲ್ಲಿ ಉತ್ತರ ಬರೆಯೋಕೆ ಜಾಗ ಸಾಲಲಿಲ್ಲ. ಇಲ್ಲಿ ಬರೆದಿದ್ದೀನಿ.