ತೊಗಲಿನ ಮೇಲೆ ನಮ್ಮ ಹೆಸರು

ದೀಪಾವಳಿಯು ಭಗವಾನ್ ಮಹಾವೀರರ ನಿರ್ವಾಣದ ಪರ್ವ. ಅದೇ ದಿನಗಳಲ್ಲಿ ನಮ್ಮ ಅಂಗಡಿ ಕಚೇರಿಗಳಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆಯೂ ಗ್ರಾಹಕರಿಗೆ ಉಡುಗೊರೆಯೂ ನಡೆಯುತ್ತವೆ. ಈ ಉಡುಗೊರೆಗಳ ನಡುವೆ, ಸಂಸ್ಥೆಯ ಹೆಸರನ್ನು ಅಚ್ಚೊತ್ತಿದ ಚರ್ಮದ ಕೀಚೈನು ಸದ್ದಿಲ್ಲದೆ ಸ್ಥಾನ ಪಡೆದಿದೆ. ಚರ್ಮದ ಬೆಲ್ಟನ್ನು ಬಸದಿಯ ಹೊರಗೆ ಕಳಚಿಟ್ಟು ಒಳಗೆ ಹೋಗುವ ಶ್ರಾವಕನೇ ನೂರಾರು ಚರ್ಮದ ತುಂಡುಗಳನ್ನು ತನ್ನ ಹೆಸರಿನಲ್ಲಿ ಊರೆಲ್ಲ ಹಂಚುವುದು ಎಂತಹ ವಿಪರ್ಯಾಸ!

ಇದಕ್ಕೆ ಕೊಡುವ ಮೊದಲ ಸಮಾಧಾನ: "ನಾವು ಕೊಲ್ಲಲಿಲ್ಲ, ಕೊಲ್ಲಿಸಲೂ ಇಲ್ಲ." ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯವು ಈ ಮಾತಿಗೆ ಎಡೆಯನ್ನೇ ಕೊಡುವುದಿಲ್ಲ. ಸಂರಂಭ, ಸಮಾರಂಭ, ಆರಂಭ ಎಂಬ 3. ಮನ, ವಚನ, ಕಾಯ ಎಂಬ 3. ಕೃತ, ಕಾರಿತ, ಅನುಮತ ಎಂಬ 3. ಕ್ರೋಧಾದಿ ಕಷಾಯಗಳು 4. ಗುಣಿಸಿದರೆ 108. ಮಾಡಿದವನು, ಮಾಡಿಸಿದವನು, ಒಪ್ಪಿದವನು ಮೂವರೂ ಆಸ್ರವದ ಲೆಕ್ಕದಲ್ಲಿ ಬರುತ್ತಾರೆ. ಐನೂರು ಕೀಚೈನುಗಳಿಗೆ ಬರೆದ ಆರ್ಡರು ಕಾರಿತವಲ್ಲದೆ ಮತ್ತೇನು? ತೊಗಲಿನ ಮೇಲೆ ಒತ್ತಿಸಿದ ನಮ್ಮ ಹೆಸರು ಅನುಮೋದನೆಯ ಸಹಿಯಲ್ಲದೆ ಮತ್ತೇನು?

ಎರಡನೆಯ ಸಮಾಧಾನ: "ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಅನಿವಾರ್ಯ." ನಿಜ, ಆದರೆ ಆ ವಿನಾಯಿತಿ ಇರುವುದು ಜೀವನೋಪಾಯಕ್ಕೆ ಬೇರೆ ದಾರಿಯಿಲ್ಲದ ಕಡೆ. ಕೀಚೈನು ಕೊಡದೆ ಯಾವ ಅಂಗಡಿ ಮುಚ್ಚಿದೆ? ಲೆಕ್ಕದ ಪುಸ್ತಕದಲ್ಲಿ ಇದನ್ನು ಜಾಹೀರಾತಿನ ವೆಚ್ಚವೆಂದು ಬರೆಯುತ್ತೇವೆ. ಜಾಹೀರಾತಿಗಾಗಿ ಮಾಡಿದ ಹಿಂಸೆಯನ್ನು ಅನಿವಾರ್ಯವೆಂದು ಕರೆಯುವುದು ಶಾಸ್ತ್ರಕ್ಕೂ ಲೆಕ್ಕಶಾಸ್ತ್ರಕ್ಕೂ ಸಲ್ಲದು.

ಮೂರನೆಯದು: "ಚರ್ಮವು ಮಾಂಸದ ವ್ಯಾಪಾರದಲ್ಲಿ ಉಳಿಯುವ ವಸ್ತು, ನಾವು ಬಿಟ್ಟರೂ ಪ್ರಾಣಿ ಉಳಿಯದು." ವ್ಯಾಪಾರಿಗಳಾದ ನಾವೇ ಹೀಗೆ ಹೇಳಬಹುದೇ? ಬೆಲೆ ಬರುವ ವಸ್ತು ಯಾವುದೂ ಬರಿಯ ಉಳಿಕೆಯಲ್ಲ. ತೊಗಲಿನಿಂದ ಬರುವ ಹಣ ಪಶುವಿನ ಬೆಲೆಯಲ್ಲಿ ಸೇರಿ, ವಧೆಯ ಲಾಭವನ್ನು ಹೆಚ್ಚಿಸುತ್ತದೆ. ನಮ್ಮ ಹಿರಿಯರಿಗೆ ಈ ಸತ್ಯ ತಿಳಿದಿತ್ತು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನಿಗೆ ಸಲ್ಲದ 15 ಬಗೆಯ ವೃತ್ತಿಗಳನ್ನು ಹೇಳುವಾಗ, ದಂತವಾಣಿಜ್ಯದೊಳಗೆ ಕೂದಲು, ಉಗುರು, ಎಲುಬುಗಳೊಡನೆ ಚರ್ಮವನ್ನೂ ಸೇರಿಸಿದೆ.

ಹಿಂಸೆ ಪಶುವಿನಲ್ಲಿಗೇ ಮುಗಿಯುವುದೂ ಇಲ್ಲ. ಜಗತ್ತಿನ ಹೆಚ್ಚಿನ ಚರ್ಮವನ್ನು ಇಂದು ಕ್ರೋಮಿಯಂ ಲವಣಗಳಿಂದ ಹದಮಾಡುತ್ತಾರೆ. ತಮಿಳುನಾಡಿನ ವೆಲ್ಲೂರು ಸೀಮೆಯ ಚರ್ಮದ ಕಾರ್ಖಾನೆಗಳ ಕೊಳಚೆ ಪಾಲಾರ್ ನದಿಯನ್ನು ಸೇರಿದ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪು ಕೊಟ್ಟಿತು. ಸುಮಾರು 35,000 ಹೆಕ್ಟೇರ್ ಕೃಷಿಭೂಮಿ ಭಾಗಶಃ ಅಥವಾ ಪೂರ್ಣವಾಗಿ ಬೇಸಾಯಕ್ಕೆ ಅಯೋಗ್ಯವಾದುದನ್ನು ಆ ತೀರ್ಪು ದಾಖಲಿಸಿದೆ. ನಮ್ಮ ಆಕ್ಷೇಪ ಅಲ್ಲಿ ದುಡಿಯುವ ಬಡವರ ಮೇಲಲ್ಲ. ಆ ನೀರನ್ನು ಮೊದಲು ಕುಡಿಯುವವರು ಅವರೇ. ಆಕ್ಷೇಪವಿರುವುದು, ಅಗತ್ಯವಿಲ್ಲದೆ ಬೇಡಿಕೆ ಹುಟ್ಟಿಸುವ ನಮ್ಮ ಮೇಲೆ.

ಹಾಗಾದರೆ ಏನು ಕೊಡಬೇಕು? ಚರ್ಮದಂತೆ ಕಾಣುವ ಕೃತಕ ವಸ್ತು ಬಹುಮಟ್ಟಿಗೆ ಪ್ಲಾಸ್ಟಿಕ್ಕೇ. ಮೇಲಾಗಿ ತೊಗಲಿನ ಮೆರುಗನ್ನು ಮೆಚ್ಚುವ ಮನಸ್ಸನ್ನು ಅದು ಹಾಗೆಯೇ ಉಳಿಸುತ್ತದೆ. ಹಿತ್ತಾಳೆ, ಉಕ್ಕು, ಹತ್ತಿಯ ನೇಯ್ಗೆ, ಸೆಣಬು, ಅರಗಿನ ಲೇಪವಿಲ್ಲದ ಮರ ಇವೆಲ್ಲ ಇವೆ. ಅರಗು ಕೀಟಜನ್ಯವೆಂಬುದನ್ನೂ, ಲಾಕ್ಷಾವಾಣಿಜ್ಯವು ಅದೇ 15ರ ಪಟ್ಟಿಯಲ್ಲಿದೆಯೆಂಬುದನ್ನೂ ಮರೆಯಬಾರದು.

ಬಸದಿಗಳ ಟ್ರಸ್ಟುಗಳಿಗೆ ಒಂದು ವಿಶೇಷ ವಿನಂತಿ. ದಾನಿಗಳು ಕೊಡುವ ಸ್ಮರಣಿಕೆಗಳಲ್ಲಿ ಚರ್ಮವಿದ್ದರೆ ಸವಿನಯವಾಗಿ ಹಿಂದಿರುಗಿಸಿರಿ. ಪಂಚಕಲ್ಯಾಣ, ವಾರ್ಷಿಕೋತ್ಸವಗಳ ಸ್ಮರಣಿಕೆಗಳಿಗೆ ಚರ್ಮ ಕೂಡದೆಂಬ ನಿರ್ಣಯವನ್ನು ಮುಂದಿನ ಸಭೆಯಲ್ಲಿಯೇ ಅಂಗೀಕರಿಸಿರಿ. ಜಿನಬಿಂಬವಿರುವ ಗರ್ಭಗೃಹದ ಬೀಗದ ಕೈ ಪಶುವಿನ ತೊಗಲಿನಲ್ಲಿ ನೇತಾಡುವಂತಿದ್ದರೆ, ಬಾಗಿಲಲ್ಲಿ ತೂಗುಹಾಕಿದ "ಚರ್ಮದ ವಸ್ತುಗಳನ್ನು ತರಬಾರದು" ಎಂಬ ಫಲಕವನ್ನು ಯಾರಿಗಾಗಿ ಬರೆಸಿದ್ದೇವೆ?