ಕರ್ಫ್ಯೂ ತೆರವಾದ ಮೇಲೂ ತೆರವಾಗದ ಭಯ: ಮಹಾಲ್ ಕಲಿಸುವ ಪಾಠ

2025ರ ಮಾರ್ಚ್ 17ರ ಸೋಮವಾರ ಸಂಜೆ ನಾಗಪುರದ ಹಳೆಯ ಪೇಟೆಯಾದ ಮಹಾಲ್‌ನಲ್ಲಿ ಹೊತ್ತಿಕೊಂಡ ಹಿಂಸಾಚಾರವು ರಾತ್ರಿಯಾಗುತ್ತಲೇ ಚಿಟ್ನೀಸ್ ಪಾರ್ಕ್ ಪರಿಸರವನ್ನು ದಾಟಿ ಹಂಸಾಪುರಿಯವರೆಗೆ ಹಬ್ಬಿತು. ಔರಂಗಜೇಬನ ಗೋರಿಯನ್ನು ತೆರವುಗೊಳಿಸಬೇಕೆಂದು ಹಗಲು ನಡೆದ ಪ್ರತಿಭಟನೆ, ಪವಿತ್ರ ವಚನಗಳಿದ್ದ ಬಟ್ಟೆಯನ್ನು ಸುಟ್ಟರೆಂಬ ವದಂತಿ, ಆ ಬಳಿಕ ಕಲ್ಲು ಮತ್ತು ಬೆಂಕಿ. 33 ಮಂದಿ ಪೊಲೀಸರು ಗಾಯಗೊಂಡರು. 11 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಯಾಯಿತು. ಅಂದು ರಾತ್ರಿ ರೈಲು ಹಿಡಿಯಲೆಂದು ಮನೆಯಿಂದ ಹೊರಟು ಗಲಭೆಯಲ್ಲಿ ಸಿಲುಕಿದ್ದವರೊಬ್ಬರು 22ರಂದು ಆಸ್ಪತ್ರೆಯಲ್ಲಿ ಅಸುನೀಗಿದರು. 23ರಂದು ಕರ್ಫ್ಯೂ ಸಂಪೂರ್ಣವಾಗಿ ತೆರವಾಯಿತು.

ತಪ್ಪು ಯಾರದೆಂಬುದನ್ನು ನ್ಯಾಯಾಲಯಗಳು ನಿರ್ಣಯಿಸಲಿ. ನಾವು ಇಲ್ಲಿ ವಿಚಾರ ಮಾಡಬೇಕಾದುದು ಬೇರೊಂದು ಸಂಗತಿಯನ್ನು. ಅಂಗಡಿಗಳ ಬಾಗಿಲು ತೆರೆದ ಮೇಲೂ ತೆರೆದುಕೊಳ್ಳದ ಮನಸ್ಸುಗಳ ಪಾಡೇನು?

ಮಹಾಲ್‌ಗೆ ಭಯ ಹೊಸತಲ್ಲ. 2006ರ ಜೂನ್ 1ರ ನಸುಕಿನಲ್ಲಿ ಕೆಂಪು ದೀಪದ ಅಂಬಾಸಿಡರ್ ಕಾರಿನಲ್ಲಿ ಬಂದ ಮೂವರು ಶಸ್ತ್ರಧಾರಿಗಳು ರಾಷ್ಟ್ರೀಯ ಸ್ವಯಂಸೇವಕ ಸಂಘದ ಕೇಂದ್ರ ಕಚೇರಿಗೆ ನುಗ್ಗಲೆತ್ನಿಸಿ ಪೊಲೀಸರ ಗುಂಡಿಗೆ ಬಲಿಯಾದರು. ಗುಂಡಿನ ಸದ್ದು ಬಡಾವಣೆಯನ್ನೇ ನಡುಗಿಸಿತಾದರೂ ಅಂದು ಬಂದವರು ಅಪರಿಚಿತರು. ಬೆಳಗಾಗುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಅಕ್ಕಪಕ್ಕದ ಮನೆಯವರು ಬೀದಿಗೆ ಬಂದು ಪರಸ್ಪರರ ಯೋಗಕ್ಷೇಮ ವಿಚಾರಿಸಿಕೊಳ್ಳಲು ಅಡ್ಡಿಯಿರಲಿಲ್ಲ. 2025ರಲ್ಲಿ ಆದದ್ದು ಇದಕ್ಕೆ ತೀರಾ ಭಿನ್ನ. ಯಾರನ್ನು ವಿಚಾರಿಸಬೇಕೋ ಅವರ ಮೇಲೆಯೇ ಸಂಶಯ ಮೂಡಿತು. ಹೊರಗಿನವನ ಭಯವು ನೆರೆಹೊರೆಯನ್ನು ಹತ್ತಿರ ತಂದರೆ, ನೆರೆಯವನ ಭಯವು ಮನುಷ್ಯನನ್ನು ಒಂಟಿಯಾಗಿಸುತ್ತದೆ.

ಈ ಗಾಯ ಮಾಯುವ ಮುನ್ನವೇ ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಮಂದಿಯನ್ನು ಗುಂಡಿಟ್ಟು ಕೊಂದರು. ಮೃತರಲ್ಲಿ ಶಿವಮೊಗ್ಗ, ಬೆಂಗಳೂರುಗಳವರೂ ಇದ್ದರು, ಡೊಂಬಿವಲಿ, ಪುಣೆಗಳವರೂ ಇದ್ದರು. ಹುಟ್ಟಿದ ನಾಡು ಕರ್ನಾಟಕ, ಬದುಕು ಕೊಟ್ಟ ನಾಡು ಮಹಾರಾಷ್ಟ್ರ ಎನ್ನುವ ನಮ್ಮಂಥವರಿಗೆ ಎರಡೂ ಕಡೆಯ ಸೂತಕ ಒಟ್ಟಿಗೆ ಬಂದಂತಾಯಿತು.

ನೆಲೆ ನಿಂತ ಕನ್ನಡ ಕುಟುಂಬಗಳ ಮನಃಸ್ಥಿತಿಯಲ್ಲಿ ಇಂತಹ ಸಮಯದಲ್ಲಿ ಒಂದು ವಿಚಿತ್ರ ತೊಡಕು ಕಾಣಿಸಿಕೊಳ್ಳುತ್ತದೆ. ‘ಇದು ಇಲ್ಲಿಯವರ ಜಗಳ, ನಮಗೇಕೆ’ ಎಂದು ನಾಲಿಗೆ ಹೇಳುತ್ತದೆ; ಕಿಟಕಿಗೆ ಕಲ್ಲು ಬಿದ್ದರೆ ಅದು ಕನ್ನಡಿಗರ ಕಿಟಕಿಯೆಂದು ಕಲ್ಲಿಗೆ ತಿಳಿಯದೆಂಬುದು ಮನಸ್ಸಿಗೆ ಗೊತ್ತಿರುತ್ತದೆ. ಧಾರವಾಡದಿಂದಲೋ ವಿಜಯಪುರದಿಂದಲೋ ಬಂಧುಗಳು ದೂರವಾಣಿ ಮಾಡಿ ಕೆಲದಿನ ಬಂದಿರಿ ಎನ್ನುತ್ತಾರೆ. ‘ನಾವು ಕ್ಷೇಮ’ ಎಂದು ಉತ್ತರಿಸಿ ಮಾತು ಮುಗಿಸುತ್ತೇವೆ. ಕ್ಷೇಮವೆಂದು ಹೇಳಿದ ಮೇಲೆ ನಿದ್ರೆ ಬರುತ್ತಿಲ್ಲವೆಂದು ಯಾರಲ್ಲಿ ಹೇಳುವುದು?

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಊರಿನ ನಾಡಿ ಕೊಂಚ ತಿಳಿಯುತ್ತದೆ. ಕರ್ಫ್ಯೂ ತೆರವಾದ ವಾರದಲ್ಲಿ ಬಂದ ಹಿರಿಯರಲ್ಲಿ ಹಲವರಿಗೆ ಹಣದ ಕೆಲಸವಿರಲಿಲ್ಲ. ಪಾಸ್‌ಬುಕ್ ಮುದ್ರಿಸಿಕೊಂಡು ಅರ್ಧ ಗಂಟೆ ಬೆಂಚಿನ ಮೇಲೆ ಕುಳಿತು ಹೋದರು. ಠೇವಣಿಗಳ ನಾಮಿನೇಷನ್ ಸರಿಯಾಗಿದೆಯೇ ನೋಡಿ ಎಂದು ಕೇಳಿದವರು ಎಂದಿಗಿಂತ ಹೆಚ್ಚು. ಅವರೆಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ನಾನಿಲ್ಲದಿದ್ದರೆ ಮನೆಯವರ ಗತಿಯೇನು?

ಇಂತಹ ಘಟನೆಗಳ ಬಳಿಕ ನಿದ್ರಾಭಂಗ, ಸಣ್ಣ ಸದ್ದಿಗೂ ಬೆಚ್ಚುವುದು, ಸಿಡುಕು, ಊಟ ರುಚಿಸದಿರುವುದು ಇವೆಲ್ಲ ರೋಗವಲ್ಲ. ಅಪಾಯವನ್ನು ಕಂಡ ದೇಹದ ಸಹಜ ಪ್ರತಿಕ್ರಿಯೆ. ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ಇದು ತಾನಾಗಿ ಇಳಿಯುತ್ತದೆ. ‘ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಬಿಡು’ ಎಂದು ಒತ್ತಾಯಿಸುವುದೂ ಸಲ್ಲದು. ಘಟನೆಯಾದ ಕೂಡಲೇ ಎಲ್ಲರನ್ನೂ ಕೂಡಿಸಿ ಅನುಭವ ಹೇಳಿಸುವ ಕ್ರಮವನ್ನು ರೂಢಿಯಾಗಿ ಅನುಸರಿಸಬಾರದೆಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2005ರಲ್ಲೇ ತಿಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿ ಹೇಳುವುದೂ ಸರಳವಾದ ಮೂರು ಮಾತು: ನೋಡಿ, ಆಲಿಸಿ, ಅಗತ್ಯ ನೆರವಿನೊಡನೆ ಜೋಡಿಸಿ. ಮಾತನಾಡಬಯಸುವವರಿಗೆ ಕಿವಿಯಾಗಬೇಕು; ಮೌನ ಬಯಸುವವರ ಪಕ್ಕದಲ್ಲಿ ಸುಮ್ಮನೆ ಕುಳಿತಿರಬೇಕು.

ಭಯಕ್ಕೆ ಎಣ್ಣೆ ಹೊಯ್ಯುವ ಅಭ್ಯಾಸವೊಂದಿದೆ. ಅದು ಕೈಯೊಳಗಿನ ಮೊಬೈಲು. 2013ರ ಬೋಸ್ಟನ್ ಮ್ಯಾರಥಾನ್ ಸ್ಫೋಟದ ಬಳಿಕ ಅಮೆರಿಕದ ಸಂಶೋಧಕರು ನಡೆಸಿದ ಅಧ್ಯಯನವೊಂದರಲ್ಲಿ, ಮೊದಲ ವಾರ ದಿನಕ್ಕೆ ಆರು ಗಂಟೆಗೂ ಮಿಕ್ಕಿ ಆ ಸುದ್ದಿಯಲ್ಲೇ ಮುಳುಗಿದ್ದವರಲ್ಲಿ, ಸ್ಥಳದಲ್ಲಿದ್ದವರಿಗಿಂತಲೂ ಹೆಚ್ಚಿನ ಒತ್ತಡದ ಲಕ್ಷಣಗಳು ಕಂಡುಬಂದವು. ಉರಿಯುವ ವಾಹನಗಳ ದೃಶ್ಯವನ್ನು ಇಪ್ಪತ್ತು ಬಾರಿ ನೋಡಿದವನ ಮನಸ್ಸಿನಲ್ಲಿ ದೊಂಬಿ ಇಪ್ಪತ್ತು ಬಾರಿ ನಡೆದಂತೆಯೇ. ಮಕ್ಕಳ ವಿಷಯದಲ್ಲಂತೂ ಈ ಎಚ್ಚರ ಇಮ್ಮಡಿಯಾಗಬೇಕು. ಅವರ ಪ್ರಶ್ನೆಗೆ ಚಿಕ್ಕದಾದ, ನಿಜವಾದ ಉತ್ತರ ಕೊಡಬೇಕು. ಶಾಲೆ, ಆಟ, ಊಟಗಳ ವೇಳೆ ತಪ್ಪಬಾರದು. ದೊಡ್ಡವರು ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಆಡುವ ಮಾತು ಮಕ್ಕಳಿಗೆ ಕೇಳಿಸುತ್ತದೆಂಬುದು ನೆನಪಿರಲಿ.

ಇನ್ನು ಧೈರ್ಯದ ಹೊಗಳಿಕೆ. 2008ರ ನವೆಂಬರ್ 26ರಂದು ಆರಂಭವಾದ ಮುಂಬಯಿ ದಾಳಿಯಲ್ಲಿ 166 ಜನ ಮಡಿದರು. ಮರುದಿನವೇ ಲೋಕಲ್ ರೈಲುಗಳು ಓಡಿದುದನ್ನು ಕಂಡು ಇಡೀ ದೇಶ ಮುಂಬಯಿಯ ಚೈತನ್ಯವನ್ನು ಕೊಂಡಾಡಿತು. ಆದರೆ ರೈಲು ಹತ್ತಿದವರೆಲ್ಲ ಧೈರ್ಯದಿಂದಲೇ ಹತ್ತಿದರೆ? ದಿನಗೂಲಿ ತಪ್ಪೀತೆಂದು ಹತ್ತಿದವರೆಷ್ಟೋ! ಬೇಗ ಚೇತರಿಸಿಕೊಂಡವರೇ ಶೂರರೆಂದು ಹೊಗಳಿದಾಗ, ಚೇತರಿಸಿಕೊಳ್ಳಲಾಗದವರು ನಾಚಿ ಮೂಲೆ ಸೇರುತ್ತಾರೆ. 2011ರಲ್ಲಿ 77 ಜನರ ಹತ್ಯೆಯನ್ನು ಕಂಡ ನಾರ್ವೆಯ ಸರ್ಕಾರ ಬೇರೆ ಹಾದಿ ಹಿಡಿಯಿತು. ಬಾಧಿತರಾಗಿಯೇ ಬಂದು ನೆರವು ಕೇಳಲೆಂದು ಕಾಯದೆ, ಅವರೊಡನೆ ಕನಿಷ್ಠ ಒಂದು ವರ್ಷ ಸಂಪರ್ಕ ಇಟ್ಟುಕೊಳ್ಳುವ ವ್ಯಕ್ತಿಯನ್ನು ಸ್ಥಳೀಯ ಆಡಳಿತಗಳೇ ನೇಮಿಸುವ ವ್ಯವಸ್ಥೆ ಮಾಡಿತು. ಅಷ್ಟು ದೊಡ್ಡ ವ್ಯವಸ್ಥೆ ನಮ್ಮ ಅಳವಲ್ಲ. ಒಂಟಿಯಾಗಿರುವ ಹಿರಿಯರ ಮನೆಗೆ ವಾರಕ್ಕೊಮ್ಮೆ ಹೋಗಿ ಬರುವುದು ನಮ್ಮ ಅಳವಿನಲ್ಲೇ ಇದೆ.

ಎಲ್ಲಕ್ಕಿಂತ ಕಠಿಣವಾದದ್ದು ನೆರೆಹೊರೆಯೊಡನೆ ಮತ್ತೆ ಬೆರೆಯುವುದು. ಹದಿನೈದು ವರ್ಷ ಬಟ್ಟೆ ಹೊಲಿಸಿದ ದರ್ಜಿಯ ಅಂಗಡಿಯನ್ನು ಬಿಟ್ಟು ಬೇರೆ ಬೀದಿಗೆ ಹೋಗುವುದು ಸುಲಭ. ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಆದರೆ ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ ಎಂಬುದು ಮನೋವಿಜ್ಞಾನದ ಮೊದಲ ಪಾಠಗಳಲ್ಲೊಂದು. ದರ್ಜಿಯೂ ನಮ್ಮನ್ನು ಕಂಡು ಅಷ್ಟೇ ಅಂಜುತ್ತಿರಬಹುದಲ್ಲವೇ? ಒಂದು ರವಿಕೆಯ ಬಟ್ಟೆ ಕೊಟ್ಟು, ‘ಮನೆಯಲ್ಲಿ ಎಲ್ಲರೂ ಹೇಗಿದ್ದೀರಿ’ ಎಂದು ಕೇಳಿ ಬಂದರೆ ಅದು ಇಬ್ಬರಿಗೂ ಔಷಧ. ಇದನ್ನು ಯಾವ ಶಾಂತಿ ಸಮಿತಿಯೂ ನಮ್ಮ ಪರವಾಗಿ ಮಾಡಲಾರದು.

ನಾಗಪುರಕ್ಕೆ ಈ ಬಗೆಯ ಸಾಮೂಹಿಕ ಔಷಧದ ಪರಿಚಯ ಹಳೆಯದು. ಪೋಳಾ ಹಬ್ಬದ ಮರುದಿನ ಹಳೆಯ ಪೇಟೆಯ ಬೀದಿಗಳಲ್ಲಿ ಕಪ್ಪು ಮತ್ತು ಹಳದಿ ಮಾರಬತ್ ಮೂರ್ತಿಗಳ ಮೆರವಣಿಗೆ ಹೊರಡುತ್ತದೆ. ಊರಿನ ರೋಗರುಜಿನ, ಕೇಡುಗಳನ್ನೆಲ್ಲ ಹೊತ್ತೊಯ್ಯೆಂದು ಕೂಗಿ ಜನ ಅವುಗಳನ್ನು ಊರಾಚೆ ಸಾಗಿಸಿ ದಹಿಸುತ್ತಾರೆ. ನೂರು ವರ್ಷಗಳಿಗೂ ಮಿಕ್ಕ ಈ ಆಚರಣೆಯಲ್ಲೊಂದು ವಿವೇಕವಿದೆ: ಕೇಡನ್ನು ಒಬ್ಬೊಬ್ಬರೇ ಮನೆಯೊಳಗೆ ಬಚ್ಚಿಟ್ಟುಕೊಳ್ಳಬಾರದು, ಎಲ್ಲರೂ ಸೇರಿ ಬೀದಿಗೆ ತಂದು ಹೆಸರಿಟ್ಟು ಕಳುಹಿಸಬೇಕು.

ಆದರೂ ತಿಂಗಳು ಕಳೆದ ಮೇಲೂ ದುಃಸ್ವಪ್ನ, ನಡುಕ, ಮನೆಯಿಂದ ಹೊರಬರಲಾಗದ ಸ್ಥಿತಿ ಮುಂದುವರಿದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಒಂದು ದಿನವೂ ತಡಮಾಡಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯ. ಇದಕ್ಕೆ ಮಾರ್ಗದರ್ಶನ ನೀಡುತ್ತಿರುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಭೋಪಾಲ್ ಅನಿಲ ದುರಂತ, ಗುಜರಾತ್ ಭೂಕಂಪ, ಸುನಾಮಿಗಳ ಬಳಿಕ ಸಂತ್ರಸ್ತರ ನಡುವೆ ದುಡಿದ ಅನುಭವ ಈ ಸಂಸ್ಥೆಗಿದೆ. ನಾಗಪುರದಲ್ಲೇ ಸರ್ಕಾರದ ಪ್ರಾದೇಶಿಕ ಮನೋರುಗ್ಣಾಲಯವೂ ಇದೆ. ‘ಹುಚ್ಚಾಸ್ಪತ್ರೆ’ ಎಂಬ ಹಳೆಯ ಹೆಸರಿಗೆ ಅಂಜಿ ನೋವನ್ನು ನುಂಗಿಕೊಳ್ಳುವ ಕಾಲ ಹಿಂದಾಗಲಿ.

ಕನ್ನಡ ಬಾಂಧವರಲ್ಲಿ ವಿನಂತಿಯಿಷ್ಟೇ. ರಾಜ್ಯೋತ್ಸವ, ಯುಗಾದಿಗಳಲ್ಲಿ ಸೇರುವ ನಾವು ಇಂತಹ ಸಂಕಟದಲ್ಲೂ ಸೇರೋಣ. ಯಾರು ಸಭೆಗೆ ಬರುವುದನ್ನು ನಿಲ್ಲಿಸಿದ್ದಾರೆ, ಯಾರ ಮನೆಯ ದೀಪ ತಡರಾತ್ರಿಯವರೆಗೆ ಉರಿಯುತ್ತಿದೆ ಎಂಬುದನ್ನು ಗಮನಿಸೋಣ. ಹೋಗಿ ಬಾಗಿಲು ತಟ್ಟೋಣ. ತಟ್ಟುವ ಮುನ್ನ ಹೊರಗಿನಿಂದಲೇ ನಮ್ಮ ಹೆಸರು ಹೇಳೋಣ, ಒಳಗಿದ್ದವರು ಬೆಚ್ಚದಿರಲಿ.